ಮದುವೆಯ ಕ್ಯಾಸೆಟ್‌ನಿಂದ ಡಿಸ್ಕ್‌ಗೆ: ಯಾವುದನ್ನು ಆರಿಸಬೇಕು, ಏಕೆ

ತೊಂಬತ್ತರ ದಶಕದಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ ಮಾಡಿಸಿದ ಎಷ್ಟೋ ಮನೆಗಳಲ್ಲಿ ಅದು ಇಂದಿಗೂ ವಿಎಚ್‌ಎಸ್ ಕ್ಯಾಸೆಟ್‌ನಲ್ಲೇ ಉಳಿದಿದೆ. ಬೀರುವಿನ ಮೇಲಿನ ಅರೆಯಲ್ಲಿ ಕ್ಯಾಸೆಟ್ ಭದ್ರವಾಗಿದೆ, ಹಾಕಿ ನೋಡಲು ವಿಸಿಆರ್ ಇಲ್ಲ. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ಯಂತ್ರಗಳು. ಅವುಗಳ ಬೆಲ್ಟ್, ಪಿಂಚ್ ರೋಲರ್, ಹೆಡ್ ಎಲ್ಲವೂ ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ.

ಕ್ಯಾಸೆಟ್ ಇಟ್ಟುಕೊಂಡಿರುವವರು ಮೂರು ಪ್ರಶ್ನೆ ಕೇಳುತ್ತಾರೆ. ಡಿಸ್ಕ್‌ಗೆ ಹಾಕಿಸುವುದರಿಂದ ನಿಜಕ್ಕೂ ಲಾಭವಿದೆಯೇ? ಯಾವ ಡಿಸ್ಕ್? ಹಾಕಿಸಿದ ಮೇಲೆ ಕ್ಯಾಸೆಟ್ ಎಸೆಯಬಹುದೇ? ಮೊದಲನೆಯದಕ್ಕೆ ಉತ್ತರ ಹೌದು, ಕೊನೆಯದಕ್ಕೆ ಖಂಡಿತ ಬೇಡ. ನಡುವಿನದಕ್ಕೆ ಸ್ವಲ್ಪ ವಿವರ ಬೇಕು, ಏಕೆಂದರೆ ಡಿಸ್ಕ್‌ನ ಲಾಭ ಏನೆಂಬುದನ್ನೇ ಹೆಚ್ಚಿನವರು ತಪ್ಪಾಗಿ ತಿಳಿದಿರುತ್ತಾರೆ. ಕ್ಯಾಸೆಟ್‌ನಲ್ಲಿ ಮಸುಕಾಗಿರುವ ಮುಖ ಡಿವಿಡಿಗೆ ಹಾಕಿದರೆ ಸ್ಪಷ್ಟವಾಗುವುದಿಲ್ಲ. ನೋಡಿದಷ್ಟೂ ಸವೆಯದಿರುವುದು, ಪ್ರತಿ ತೆಗೆದಷ್ಟೂ ಕೆಡದಿರುವುದು, ಬೇಕಾದ ಕ್ಷಣಕ್ಕೆ ನೇರ ಹೋಗಲು ಬರುವುದು: ಡಿಸ್ಕ್‌ನ ಲಾಭ ಈ ಮೂರರಲ್ಲಿದೆ.

ನೋಡಿದಷ್ಟೂ ಸವೆಯುವ ಟೇಪ್

ವಿಎಚ್‌ಎಸ್ ಟೇಪ್‌ನ ಅಗಲ ಅರ್ಧ ಇಂಚು. ತೆಳ್ಳನೆಯ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಾಂತೀಯ ಪುಡಿಯನ್ನು ಅಂಟಿನಂಥ ವಸ್ತುವಿನಲ್ಲಿ ಕಲಸಿ ಲೇಪಿಸಿರುತ್ತಾರೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಸಂಕೇತ ಪದ್ಧತಿಯಲ್ಲಿ ಟೇಪ್ ಸೆಕೆಂಡಿಗೆ 23.39 ಮಿ.ಮೀ. ಮಾತ್ರ ಸಾಗುತ್ತದೆ. ಆದರೆ 62 ಮಿ.ಮೀ. ವ್ಯಾಸದ ಹೆಡ್ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತ ಆ ಟೇಪ್‌ಗೆ ಉಜ್ಜಿಕೊಂಡೇ ಚಿತ್ರ ಓದುತ್ತದೆ. ಉಜ್ಜುವ ವೇಗ ಸೆಕೆಂಡಿಗೆ ಸುಮಾರು 4.8 ಮೀಟರ್. ಪ್ರತಿ ಸಲ ನೋಡಿದಾಗಲೂ ಲೇಪದ ಒಂದಿಷ್ಟು ಕಣ ಉದುರುತ್ತದೆ. ಆ ಜಾಗದಲ್ಲಿ ಪರದೆಯ ಮೇಲೆ ಕ್ಷಣಕಾಲ ಬಿಳಿ ಗೆರೆ ಮಿಂಚಿ ಹೋಗುತ್ತದೆ. ಉದುರಿದ ಪುಡಿ ಹೆಡ್‌ನ ಸೂಕ್ಷ್ಮ ಸೀಳಿನಲ್ಲಿ ಸೇರಿಕೊಂಡರೆ ಇಡೀ ಚಿತ್ರವೇ ಹಿಮ ಸುರಿದಂತೆ ಕಾಣುತ್ತದೆ.

ಪಾಸ್ (ಚಿತ್ರವನ್ನು ತಡೆಹಿಡಿಯುವ ಗುಂಡಿ) ಒತ್ತಿ ಮುಖ ತೋರಿಸುವುದು ಇನ್ನೂ ಕೆಟ್ಟದ್ದು. ಟೇಪ್ ನಿಂತಿದ್ದರೂ ಡ್ರಮ್ ತಿರುಗುತ್ತಲೇ ಇರುತ್ತದೆ, ಒಂದೇ ಜಾಗವನ್ನು ಕೆರೆಯುತ್ತದೆ. ಕೆಲವು ನಿಮಿಷವಾದ ಮೇಲೆ ವಿಸಿಆರ್ ತಾನಾಗಿಯೇ ನಿಲ್ಲುವುದು ಇದಕ್ಕಾಗಿ. ಮಾಂಗಲ್ಯಧಾರಣೆಯ ದೃಶ್ಯ ಉಳಿದ ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಕಾರಣ ಇಷ್ಟೇ: ಎಲ್ಲರೂ ಮತ್ತೆ ಮತ್ತೆ ನೋಡಿದ್ದು, ನಿಲ್ಲಿಸಿ ನೋಡಿದ್ದು ಅದನ್ನೇ.

ಟೇಪ್‌ನ ಅಂಚುಗಳಿಗೂ ಕೆಲಸವಿದೆ. ಮೇಲಂಚಿನಲ್ಲಿ ಧ್ವನಿ, ಕೆಳಂಚಿನಲ್ಲಿ ವೇಗವನ್ನು ನಿಯಂತ್ರಿಸುವ ಕಂಟ್ರೋಲ್ ಟ್ರ್ಯಾಕ್. ಕೆಳಂಚು ಸುಕ್ಕಾದರೆ ಚಿತ್ರ ಕುಣಿಯುತ್ತದೆ. ಮೇಲಂಚು ಸುಕ್ಕಾದರೆ ಓಲಗವೂ ಮಂತ್ರವೂ ಒಡೆದು ಕೇಳುತ್ತವೆ.

ಡಿವಿಡಿಯಲ್ಲಿ ಉಜ್ಜುವುದೆಂಬುದೇ ಇಲ್ಲ. 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಕಿರಣ 0.6 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಪದರವನ್ನು ದಾಟಿ ಒಳಗಿನ ಮಾಹಿತಿ ಪದರದ ಮೇಲೆ ಬೀಳುತ್ತದೆ, ಪ್ರತಿಫಲಿಸಿ ಮರಳುತ್ತದೆ. ಡಿಸ್ಕ್‌ಗೆ ತಗಲುವುದು ಬೆಳಕು ಮಾತ್ರ. ಒಂದು ಸಲ ನೋಡಿದರೂ ಸಾವಿರ ಸಲ ನೋಡಿದರೂ ಓದುವ ಕ್ರಿಯೆಯಿಂದ ಸವೆತವಿಲ್ಲ. ಅರ್ಧ ಗಂಟೆ ಪಾಸ್ ಮಾಡಿಟ್ಟರೂ ಆ ದೃಶ್ಯಕ್ಕೆ ಏನೂ ಆಗದು.

ಪ್ರತಿಯ ಪ್ರತಿ

ಅಣ್ಣನಿಗೊಂದು, ತಂಗಿಗೊಂದು, ಬೀಗರ ಮನೆಗೊಂದು ಎಂದು ಕ್ಯಾಸೆಟ್ ಪ್ರತಿ ಮಾಡಿಸಿದವರಿಗೆ ಇದು ಗೊತ್ತೇ ಇದೆ. ವಿಎಚ್‌ಎಸ್‌ನಲ್ಲಿರುವುದು ಅನಲಾಗ್ ಸಂಕೇತ. ಒಂದು ಯಂತ್ರದಿಂದ ಇನ್ನೊಂದಕ್ಕೆ ಇಳಿಸುವಾಗ ಮೂಲದ ಗದ್ದಲದ (ಚಿತ್ರದಲ್ಲಿ ಕಾಣುವ ಬೇಡದ ಚುಕ್ಕಿ, ಗೆರೆಗಳ) ಮೇಲೆ ಪ್ರತಿಯ ಗದ್ದಲವೂ ಸೇರುತ್ತದೆ. ಮೂರನೆಯ ತಲೆಮಾರಿನ ಪ್ರತಿಯಲ್ಲಿ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಪಕ್ಕಕ್ಕೆ ಹರಿದಿರುತ್ತದೆ. ವಿಎಚ್‌ಎಸ್ ಬಣ್ಣಕ್ಕೆ ಮೊದಲೇ ಬಹಳ ಕಡಿಮೆ ಜಾಗ ಕೊಟ್ಟಿರುವುದರಿಂದ ಮೊದಲು ಕೆಡುವುದೂ ಬಣ್ಣವೇ.

ಡಿಸ್ಕ್‌ನಲ್ಲಿರುವುದು ಅಂಕಿಗಳು. ಹತ್ತನೆಯ ಪ್ರತಿಯೂ ಮೊದಲಿನದಕ್ಕೆ ಅಕ್ಷರಶಃ ಸಮ. ಅಲ್ಲದೆ ಡಿವಿಡಿ ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಅಂಕಿಗಳನ್ನೂ ಬರೆದಿಟ್ಟುಕೊಂಡಿರುತ್ತದೆ. ಮಾಹಿತಿಯನ್ನು ಬ್ಲಾಕ್ ಎಂಬ ಕಂತುಗಳಾಗಿ ಸಾಲು, ಕಂಬಗಳಲ್ಲಿ ಜೋಡಿಸಿ, ಪ್ರತಿ ಸಾಲಿಗೂ ಪ್ರತಿ ಕಂಬಕ್ಕೂ ತಿದ್ದುಪಡಿ ಅಂಕಿ ಸೇರಿಸುತ್ತದೆ. ಟ್ರ್ಯಾಕ್‌ನುದ್ದಕ್ಕೂ ಸುಮಾರು 6 ಮಿ.ಮೀ. ಮಾಹಿತಿ ಸಿಗದೆ ಹೋದರೂ ಉಳಿದದ್ದರಿಂದ ಲೆಕ್ಕ ಹಾಕಿ ಪೂರ್ಣವಾಗಿ ಮರಳಿ ಪಡೆಯಬಹುದು. ವಿಎಚ್‌ಎಸ್‌ನಲ್ಲಿ ಇಂಥ ವ್ಯವಸ್ಥೆ ಇಲ್ಲ. ಉದುರಿದ್ದು ಉದುರಿಹೋಯಿತು.

ಡಿಸ್ಕ್‌ನ ದೊಡ್ಡ ದೋಷ ಹುಟ್ಟುವುದೂ ಇದೇ ಗುಣದಿಂದ. ಟೇಪ್ ನಿಧಾನವಾಗಿ, ಕಣ್ಣಿಗೆ ಕಾಣುವಂತೆ ಕೆಡುತ್ತದೆ. ಮೂವತ್ತು ವರ್ಷದ ಕ್ಯಾಸೆಟ್ ಮಸುಕಾದರೂ ಏನೋ ಒಂದನ್ನು ತೋರಿಸುತ್ತದೆ. ಡಿಸ್ಕ್ ತಪ್ಪುಗಳನ್ನು ಒಳಗೊಳಗೇ ತಿದ್ದಿಕೊಳ್ಳುತ್ತ ಕೊನೆಯ ದಿನದವರೆಗೂ ಹೊಸದರಂತೆ ಕಾಣುತ್ತದೆ. ತಿದ್ದುವ ಶಕ್ತಿ ಮೀರಿದ ದಿನ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತದೆ, ಅಥವಾ ಡಿಸ್ಕ್ ಇಲ್ಲ ಎಂದು ಪ್ಲೇಯರ್ ಹೇಳುತ್ತದೆ. ಮುನ್ಸೂಚನೆ ಇರುವುದಿಲ್ಲ. ಒಂದೇ ಡಿಸ್ಕ್ ಮಾಡಿಸಿ ನಿಶ್ಚಿಂತೆಯಿಂದ ಕೂರುವವರು ಇದನ್ನು ನೆನಪಿಡಬೇಕು. ಎರಡು ಪ್ರತಿ ಇರಲಿ, ಎರಡೂ ಬೇರೆ ಬೇರೆ ತಯಾರಕರ ಡಿಸ್ಕ್‌ಗಳಾಗಿರಲಿ, ಬೇರೆ ಬೇರೆ ಮನೆಯಲ್ಲಿರಲಿ.

ಧಾರೆಗೆ ನೇರ ಹೋಗುವುದು

ಮೂರು ಗಂಟೆಯ ಇ-180 ಕ್ಯಾಸೆಟ್‌ನಲ್ಲಿ ಸುಮಾರು 258 ಮೀಟರ್ ಟೇಪ್ ಇರುತ್ತದೆ. ಧಾರೆ ಎರೆಯುವ ದೃಶ್ಯ ನಡುವಿನಲ್ಲಿದ್ದರೆ ನೂರಾರು ಅಡಿ ಟೇಪ್ ಓಡಿಸಲೇಬೇಕು, ನೋಡಿದ ಮೇಲೆ ಹಿಂದಕ್ಕೆ ಸುತ್ತಲೇಬೇಕು. ಡಿವಿಡಿಯಲ್ಲಿ ವರಪೂಜೆ, ಕಾಶಿಯಾತ್ರೆ, ಧಾರೆ, ಸಪ್ತಪದಿ, ಆರತಕ್ಷತೆ ಎಂದು ಅಧ್ಯಾಯ ಗುರುತು ಹಾಕಿಸಿದರೆ ರಿಮೋಟ್‌ನ ಒಂದೇ ಗುಂಡಿಯಿಂದ ಅಲ್ಲಿಗೆ ಹೋಗಬಹುದು. ಸ್ಟುಡಿಯೊದವರು ಕೆಲಸ ಸುಲಭವಾಗಲೆಂದು 5 ಅಥವಾ 10 ನಿಮಿಷಕ್ಕೊಂದರಂತೆ ಯಾಂತ್ರಿಕವಾಗಿ ಗುರುತು ಹಾಕುತ್ತಾರೆ. ಅದಕ್ಕೆ ಒಪ್ಪಬೇಡಿ. ಕ್ಯಾಸೆಟ್‌ನ ಒಂದು ಸಾದಾ ಪ್ರತಿ ತೆಗೆಸಿಕೊಂಡು, ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ನಿಮಿಷಕ್ಕೆ ಯಾವ ಶಾಸ್ತ್ರ, ಯಾರು ಯಾರು ಬರುತ್ತಾರೆ ಎಂದು ಬರೆದುಕೊಡಿ. ಡಿವಿಡಿ ವಿಡಿಯೊದಲ್ಲಿ 8 ಧ್ವನಿಪಥಗಳು, 32 ಉಪಶೀರ್ಷಿಕೆ ಪಥಗಳವರೆಗೆ ಅವಕಾಶವಿದೆ. ಅಜ್ಜಿ ನೋಡುತ್ತ ಹೇಳಿದ ವಿವರಣೆಯನ್ನೇ ಎರಡನೆಯ ಧ್ವನಿಪಥವಾಗಿ ಸೇರಿಸಬಹುದು, ಅತಿಥಿಗಳ ಹೆಸರನ್ನು ಉಪಶೀರ್ಷಿಕೆಯಾಗಿ ಹಾಕಬಹುದು. ಕ್ಯಾಸೆಟ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ. ಆ ಮುಖಗಳ ಗುರುತು ಹಿಡಿಯುವವರು ಇರುವಾಗಲೇ ಈ ಕೆಲಸ ಆಗಬೇಕು.

ಇನ್ನೊಂದು ಚಿಕ್ಕ ಆದರೆ ಮುಖ್ಯವಾದ ಲಾಭ: ಡಿವಿಡಿ-ಆರ್ ಮೇಲೆ ಮತ್ತೆ ಬರೆಯಲಾಗದು. ಕ್ಯಾಸೆಟ್‌ನ ಬೆನ್ನಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿಯದಿದ್ದರೆ ಯಾರಾದರೂ ತಿಳಿಯದೆ ಮದುವೆಯ ಮೇಲೆ ಧಾರಾವಾಹಿ ರೆಕಾರ್ಡ್ ಮಾಡಿಬಿಡಬಹುದು. ಹಾಗೆ ಕಳೆದುಹೋದ ಮದುವೆಗಳು ಕಡಿಮೆಯೇನಲ್ಲ.

ಚಿತ್ರದ ಗುಣಮಟ್ಟ, ವಿಸಿಡಿ ಎಂಬ ಬಲೆ

ವಿಎಚ್‌ಎಸ್‌ನ ಅಡ್ಡ ಸ್ಪಷ್ಟತೆ ಸುಮಾರು 240 ಗೆರೆ. ಪಾಲ್ ಡಿವಿಡಿಯ ಚೌಕಟ್ಟು 720×576. ಅಂದರೆ ಕ್ಯಾಸೆಟ್‌ನಲ್ಲಿರುವುದೆಲ್ಲ ಡಿವಿಡಿಯಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಬ್ಲೂ-ರೇ ಗುಣಮಟ್ಟಕ್ಕೆ ಏರಿಸಿಕೊಡುತ್ತೇವೆ ಎಂದು ಹೆಚ್ಚು ಹಣ ಕೇಳಿದರೆ ಕೊಡಬೇಕಿಲ್ಲ. ಇಲ್ಲದ ವಿವರವನ್ನು ಯಂತ್ರ ಊಹಿಸಿ ತುಂಬುತ್ತದೆ, ಮುಖ ಮೇಣದ ಬೊಂಬೆಯಂತಾಗುತ್ತದೆ.

ವಿಸಿಡಿ (ಸಿಡಿಯಲ್ಲಿ ತುಂಬಿದ ವಿಡಿಯೊ) ಮಾತ್ರ ಬೇರೆ ಕಥೆ. 1993ರ ಈ ಮಾದರಿಯಲ್ಲಿ ಚೌಕಟ್ಟು 352×288, ವಿಡಿಯೊಗೆ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್, ಒಂದು ಡಿಸ್ಕ್‌ಗೆ 74 ನಿಮಿಷ. ಮೂರು ಗಂಟೆಯ ಮದುವೆ ಮೂರು ಡಿಸ್ಕ್‌ಗೆ ಹರಡಿಕೊಳ್ಳುತ್ತಿತ್ತು. ಇನ್ನೂ ಕೆಟ್ಟ ವಿಷಯವೆಂದರೆ, ವಿಎಚ್‌ಎಸ್ ಸೆಕೆಂಡಿಗೆ 50 ಅರ್ಧಚೌಕಟ್ಟುಗಳನ್ನು ಹಿಡಿದಿರುತ್ತದೆ. ವಿಸಿಡಿಯಲ್ಲಿ 25 ಮಾತ್ರ ಉಳಿಯುತ್ತವೆ. ಉದ್ದ ಸ್ಪಷ್ಟತೆ ಅರ್ಧಕ್ಕಿಳಿಯುತ್ತದೆ, ಚಲನೆ ತಡವರಿಸುತ್ತದೆ. ಆರತಿ ಎತ್ತುವ ಕೈ, ಅಕ್ಷತೆ ಬೀಳುವ ಕ್ಷಣ ಎಲ್ಲ ಚೌಕಗಳಾಗಿ ಕಲಸಿಹೋಗುತ್ತದೆ. 2000ದ ಆಸುಪಾಸಿನಲ್ಲಿ ಬಹಳಷ್ಟು ಕುಟುಂಬಗಳು ಕ್ಯಾಸೆಟ್ ಅನ್ನು ವಿಸಿಡಿಗೆ ಹಾಕಿಸಿದವು. ಆಗ ಅದೇ ಅಗ್ಗವಾಗಿತ್ತು, ಮನೆಮನೆಯಲ್ಲಿ ವಿಸಿಡಿ ಪ್ಲೇಯರ್ ಇತ್ತು. ಗ್ರೇಟರ್ ನೋಯ್ಡಾದಲ್ಲಿ ದೊಡ್ಡ ಡಿಸ್ಕ್ ಕಾರ್ಖಾನೆ ಹೊಂದಿದ್ದ ಮೋಸರ್ ಬೇರ್ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಇಳಿದದ್ದು ಇನ್ನೂ ಕೆಲವು ವರ್ಷಗಳ ನಂತರ. ನಿಮ್ಮ ಬಳಿ ಕ್ಯಾಸೆಟ್ಟೂ ಅದರಿಂದ ಮಾಡಿದ ವಿಸಿಡಿಯೂ ಎರಡೂ ಇದ್ದರೆ ಮೂಲವೆಂದು ಎಣಿಸಬೇಕಾದದ್ದು ಕ್ಯಾಸೆಟ್ಟನ್ನೇ. ಅದರಿಂದ ಹೊಸದಾಗಿ ತೆಗೆಸಿ.

ಡಿವಿಡಿಯಲ್ಲಿ ಎಷ್ಟು ಹೊತ್ತಿನದನ್ನು ತುಂಬಬೇಕು ಎಂಬ ಲೆಕ್ಕವನ್ನು ಯಾರೂ ಹೇಳಿಕೊಡುವುದಿಲ್ಲ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ. ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ, ಎಣಿಸುವ ಮಾನ ಬೇರೆ, ಅಷ್ಟೇ. ಒಂದು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 10 ಮೆಗಾಬಿಟ್ ಸಿಗುತ್ತದೆ, ಅದು ಡಿವಿಡಿಯ ಮಿತಿಯೂ ಹೌದು. ಒಂದೂವರೆ ಗಂಟೆಗೆ ಸುಮಾರು 6.9, ಎರಡು ಗಂಟೆಗೆ 5.2, ಮೂರು ಗಂಟೆಗೆ 3.5. ಸಿನಿಮಾಕ್ಕೆ 5 ಸಾಕಾಗಬಹುದು. ವಿಎಚ್‌ಎಸ್‌ಗೆ ಸಾಲದು, ಏಕೆಂದರೆ ಟೇಪ್‌ನ ಗದ್ದಲ ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತದೆ, ಸಂಕುಚಿಸುವ ತಂತ್ರಾಂಶ ಅದನ್ನೂ ಚಲನೆಯೆಂದೇ ಭಾವಿಸಿ ಬಿಟ್‌ಗಳನ್ನು ಅಲ್ಲಿ ಸುರಿಯುತ್ತದೆ. ಮೂರು ಗಂಟೆಯ ಮದುವೆಯನ್ನು ತಲಾ ಒಂದೂವರೆ ಗಂಟೆಯ ಎರಡು ಡಿಸ್ಕ್‌ಗೆ ಹಾಕಿಸಿ. ಒಂದೇ ಡಿಸ್ಕ್ ಬೇಕೇ ಬೇಕೆಂದರೆ 352×576 ಚೌಕಟ್ಟು ಕೇಳಿ. ಇದೂ ಡಿವಿಡಿ ನಿಯಮದೊಳಗೇ ಇದೆ, ವಿಎಚ್‌ಎಸ್‌ನ ಅಡ್ಡ ಸ್ಪಷ್ಟತೆ ಅದರಲ್ಲಿ ಹಿಡಿಸುತ್ತದೆ, ಮತ್ತು ಅರ್ಧದಷ್ಟೇ ಚುಕ್ಕಿಗಳಿರುವುದರಿಂದ 3.5 ಮೆಗಾಬಿಟ್‌ನಲ್ಲೂ ಚೌಕಗಳು ಕಾಣಿಸುವುದು ಕಡಿಮೆ.

ಯಾವ ಡಿಸ್ಕ್

ಟಿವಿಗೆ ಹಾಕಿ ನೋಡುವುದಕ್ಕೊಂದು, ಕಾಪಾಡಿ ಇಡುವುದಕ್ಕೊಂದು ಎಂದು ಎರಡು ಕೆಲಸಗಳನ್ನು ಬೇರೆ ಮಾಡಿಕೊಂಡರೆ ಆಯ್ಕೆ ಸುಲಭ.

ನೋಡುವುದಕ್ಕೆ ಡಿವಿಡಿ-ಆರ್. ಹಳೆಯ ಪ್ಲೇಯರ್‌ಗಳು ಡಿವಿಡಿ+ಆರ್‌ಗಿಂತ ಇದನ್ನು ಸುಲಭವಾಗಿ ಒಪ್ಪುತ್ತವೆ. 8.5 ಜಿಬಿಯ ಎರಡು ಪದರದ ಡಿಸ್ಕ್ ಆಕರ್ಷಕವಾಗಿ ಕಂಡರೂ ಬೇಡ. ಅದು ಬೆಳಕನ್ನು ಪ್ರತಿಫಲಿಸುವುದು ಕಡಿಮೆ, ಹಳೆಯ ಪ್ಲೇಯರ್ ತಡವರಿಸುತ್ತದೆ, ಪದರ ಬದಲಾಗುವಲ್ಲಿ ಚಿತ್ರ ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯು ಕಾಪಿಡುವ ವಸ್ತುವಲ್ಲವೇ ಅಲ್ಲ.

ಕಂಪನಿಯವರು ಅಚ್ಚೊತ್ತುವ ಸಿನಿಮಾ ಡಿಸ್ಕ್ ಬೇರೆ, ನಾವು ಸುಡುವ ಡಿಸ್ಕ್ ಬೇರೆ. ಮೊದಲನೆಯದರಲ್ಲಿ ಗುಳಿಗಳನ್ನು ಪ್ಲಾಸ್ಟಿಕ್‌ನಲ್ಲೇ ಒತ್ತಿರುತ್ತಾರೆ. ಡಿವಿಡಿ-ಆರ್‌ನಲ್ಲಿ ಇರುವುದು ಸಾವಯವ ಬಣ್ಣದ ಪದರ, ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಈ ಬಣ್ಣಕ್ಕೆ ಬಿಸಿಲೂ ಶಾಖವೂ ಶತ್ರು. ಡಬ್ಬಿಯ ಮೇಲಿನ ಹೆಸರು ಒಬ್ಬರದು, ಒಳಗಿನ ಡಿಸ್ಕ್ ಮಾಡಿದವರು ಇನ್ನೊಬ್ಬರು ಆಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ಖಾಲಿ ಡಿಸ್ಕ್‌ನಲ್ಲಿ ಮೊದಲೇ ಬರೆದಿರುವ ತಯಾರಕರ ಸಂಕೇತವನ್ನು ಬರ್ನಿಂಗ್ ತಂತ್ರಾಂಶದಲ್ಲಿ ನೋಡಬಹುದು. ಎರಡು ಪ್ರತಿಗಳನ್ನು ಬೇರೆ ತಯಾರಕರದ್ದಾಗಿ ಮಾಡುವಾಗ ಪೆಟ್ಟಿಗೆಯ ಹೆಸರನ್ನು ನಂಬದೆ ಈ ಸಂಕೇತವನ್ನು ನೋಡಿ.

ಕಾಪಿಡುವುದಕ್ಕೆ 25 ಜಿಬಿಯ ಬ್ಲೂ-ರೇ ಬಿಡಿ-ಆರ್ ಉತ್ತಮ. ಸಾಮಾನ್ಯ ಬಿಡಿ-ಆರ್‌ನಲ್ಲಿ ಸಾವಯವ ಬಣ್ಣವಿಲ್ಲ, ಅಜೈವಿಕ ಪದರವಿದೆ. ಎಲ್‌ಟಿಎಚ್ ಎಂದು ಬರೆದಿರುವ ಬಿಡಿ-ಆರ್‌ನಲ್ಲಿ ಮತ್ತೆ ಬಣ್ಣವೇ ಇರುತ್ತದೆ, ಅದನ್ನು ಬಿಡಿ. ಮೂರು ಗಂಟೆಯ ವಿಡಿಯೊವನ್ನು ಸೆಕೆಂಡಿಗೆ 12 ಮೆಗಾಬಿಟ್‌ನಲ್ಲಿ ಇಟ್ಟರೆ 16 ಜಿಬಿ ಆಗುತ್ತದೆ, ಒಂದೇ ಡಿಸ್ಕ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಎಂ-ಡಿಸ್ಕ್ ಎಂಬುದೂ ಇದೆ. ತಯಾರಕರು ಸಾವಿರ ವರ್ಷ ಎನ್ನುತ್ತಾರೆ. ಆ ಅಂಕಿಯನ್ನು ನಂಬಿ ಕೊಳ್ಳಬೇಕಿಲ್ಲ, ಆದರೆ ಡಿವಿಡಿ ಗಾತ್ರದಲ್ಲೇ ಬಣ್ಣವಿಲ್ಲದ ಪದರ ಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ. ಬರೆಯಲು ಎಂ-ಡಿಸ್ಕ್ ಬೆಂಬಲವಿರುವ ರೈಟರ್ ಬೇಕು. ಓದಲು ಸಾಮಾನ್ಯ ಡ್ರೈವ್ ಸಾಕು.

ಸೋನಿ 2025ರ ಫೆಬ್ರುವರಿಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿದೆ. ಡಿಸ್ಕ್‌ನ ಕಾಲವೂ ಮುಗಿಯುತ್ತ ಬಂದಿದೆಯಲ್ಲ, ಇನ್ನೂ ಏಕೆ ಇದನ್ನು ಹೇಳುತ್ತೀರಿ ಎಂದು ಕೇಳಬಹುದು. ಒಂದು ಕಾರಣವಿದೆ. 1982ರ ಸಿಡಿ, 1996ರ ಡಿವಿಡಿ, 2006ರ ಬ್ಲೂ-ರೇ ಎಲ್ಲವೂ 120 ಮಿ.ಮೀ. ವ್ಯಾಸ, 1.2 ಮಿ.ಮೀ. ದಪ್ಪ. ಯುಎಸ್‌ಬಿಗೆ ಸಿಕ್ಕಿಸುವ ಒಂದು ಬ್ಲೂ-ರೇ ಡ್ರೈವ್ ಕೊಂಡಿಟ್ಟರೆ ಮೂರನ್ನೂ ಓದಬಹುದು. ಟೇಪ್‌ನಲ್ಲಿ ಹಾಗಿಲ್ಲ. ವಿಎಚ್‌ಎಸ್‌ಗೆ ಒಂದು ಯಂತ್ರ, 8 ಮಿ.ಮೀ. ಟೇಪ್‌ನ ವಿಡಿಯೊ8ಕ್ಕೆ ಇನ್ನೊಂದು, ಮಿನಿಡಿವಿಗೆ ಮತ್ತೊಂದು. ವಿಎಚ್‌ಎಸ್-ಸಿ ಎಂಬ ಪುಟ್ಟ ಕ್ಯಾಸೆಟ್‌ಗೆ ಅಡಾಪ್ಟರ್ ಉಂಟು, ಅದರ ಟೇಪ್ ಅರ್ಧ ಇಂಚಿನದೇ ಆದ್ದರಿಂದ. 8 ಮಿ.ಮೀ. ಟೇಪ್‌ಗೆ ಅಂಥ ಅಡಾಪ್ಟರ್ ಇಲ್ಲವೇ ಇಲ್ಲ, ಇದೆ ಎಂದು ಮಾರುವವರಿದ್ದರೆ ದೂರವಿರಿ.

ಡಿಸ್ಕ್ ಜೊತೆಗೆ ಹಾರ್ಡ್ ಡಿಸ್ಕ್‌ನಲ್ಲೂ ಒಂದು ಪ್ರತಿ ಇರಲಿ. ಪೆನ್ ಡ್ರೈವ್ ಮಾತ್ರ ಟಿವಿಗೆ ಹಾಕಲು ಅನುಕೂಲವೇ ಹೊರತು ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ವಸ್ತುವಲ್ಲ. ಅದರೊಳಗಿನ ವಿದ್ಯುದಂಶ ಕ್ರಮೇಣ ಸೋರಿಹೋಗುತ್ತದೆ.

ಕ್ಯಾಸೆಟ್ ತೆಗೆದುಕೊಂಡು ಹೋಗುವ ಮೊದಲು

ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯನ್ನು ಟಾರ್ಚ್ ಹಿಡಿದು ನೋಡಿ. ಸುತ್ತಿದ ಟೇಪ್‌ನ ಅಂಚಿನ ಮೇಲೆ ಬಿಳಿಯ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಬಹಳ ಸಾಮಾನ್ಯ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ವಿಸಿಆರ್‌ಗೂ ಹಾಕಬೇಡಿ. ಹೆಡ್ ಮುಚ್ಚಿಹೋಗುತ್ತದೆ, ಅಂಟಿಕೊಂಡ ಸುತ್ತು ಹರಿಯಬಹುದು, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ಬೂಷ್ಟು ಹತ್ತುತ್ತದೆ. ಒಣ ಜಾಗದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ಒಣಗಿಸಿ, ನಂತರ ಟೇಪ್ ತೊಳೆದು ಕೊಡುವ ಅನುಭವಿಗಳಿಗೆ ಕೊಡಿ. ತೆರೆಯುವವರು ಮಾಸ್ಕ್ ಹಾಕಿಕೊಂಡಿರಬೇಕು.

ಡಬ್ಬಿ ಒಡೆದಿದ್ದರೆ ಅಥವಾ ಸ್ಪ್ರಿಂಗ್ ಹೋಗಿದ್ದರೆ ಹೆದರಬೇಕಿಲ್ಲ. ಕ್ಯಾಸೆಟ್‌ನ ತಳದಲ್ಲಿ 5 ಸ್ಕ್ರೂ ಇರುತ್ತವೆ. ಬಿಚ್ಚಿ ಎರಡೂ ಸುರುಳಿಗಳನ್ನು ಇನ್ನೊಂದು ಹಳೆಯ ಕ್ಯಾಸೆಟ್‌ನ ಡಬ್ಬಿಗೆ ವರ್ಗಾಯಿಸಬಹುದು. ಬಿಚ್ಚುವ ಮೊದಲೇ ಟೇಪ್ ಯಾವ ರೋಲರ್‌ನ ಯಾವ ಬದಿಯಿಂದ ಹಾಯ್ದಿದೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತುಂಡಾದ ಟೇಪ್ ಅಂಟಿಸಲು ಸ್ಪ್ಲೈಸಿಂಗ್ ಟೇಪ್ ಮಾತ್ರ ಬಳಸಬೇಕು. ಅಂಗಡಿಯ ಸೆಲ್ಲೊ ಟೇಪ್ ಹಾಕಿದರೆ ಅದರ ಅಂಟು ಜಾರಿ ಬಂದು ಹೆಡ್‌ಗೆ ಮೆತ್ತಿಕೊಳ್ಳುತ್ತದೆ.

ವರ್ಷಗಟ್ಟಲೆ ಓಡದ ಕ್ಯಾಸೆಟ್ಟನ್ನು ಮೊದಲು ಕೊನೆಯವರೆಗೆ ಫಾಸ್ಟ್ ಫಾರ್ವರ್ಡ್ ಮಾಡಿ, ಪೂರ್ತಿ ರಿವೈಂಡ್ ಮಾಡಿ, ಆಮೇಲೆ ಪ್ಲೇ ಮಾಡಬೇಕು. ಸುತ್ತಿನ ಬಿಗಿ ಸಮವಾಗುತ್ತದೆ. ಕೀರಲು ಸದ್ದು ಬಂದರೆ ಅಥವಾ ಎಳೆದಾಡಿದರೆ ತಕ್ಷಣ ನಿಲ್ಲಿಸಿ. ಲೇಪದ ಅಂಟು ತೇವ ಹೀರಿ ಜಿಗುಟಾಗಿರುವ ಲಕ್ಷಣ ಅದು.

ತೆಗೆಯುವ ಕ್ರಮ, ಎಡವುವ ಜಾಗಗಳು

ಹೆಡ್ ಸ್ವಚ್ಛ ಮಾಡಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ಎಳೆ ಬಿಡದ ಬಟ್ಟೆ. ಬಟ್ಟೆಯನ್ನು ಡ್ರಮ್‌ಗೆ ಮೆಲ್ಲಗೆ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ನಿಧಾನವಾಗಿ ತಿರುಗಿಸಬೇಕು. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಿದರೆ ಕೂದಲಷ್ಟು ಸಣ್ಣ ಹೆಡ್ ತುಂಡಾಗುತ್ತದೆ. ಹತ್ತಿ ಬಡ್ ಬಳಸಬೇಡಿ.

ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆಯಾಗಿ ಕೊಡುವ ಎಸ್-ವಿಡಿಯೊ ಕಿಂಡಿ ಇರುವ ವಿಸಿಆರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹಳದಿ ಪಿನ್ನಿನ ಕಾಂಪೋಸಿಟ್ ಕೇಬಲ್. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್‌ನಲ್ಲಿ ಮೊದಲು ಕಾಣುವ ತೊಂದರೆ ಮಾತಿಗೂ ತುಟಿಗೂ ಹೊಂದಿಕೆಯಾಗದಿರುವುದು. ಪುರೋಹಿತರ ಬಾಯಿ ನಿಂತ ಮೇಲೆ ಮಂತ್ರ ಕೇಳುತ್ತದೆ. ಹಳೆಯ ಟೇಪ್‌ನಲ್ಲಿ ಪ್ರತಿ ಗೆರೆಯ ಕಾಲಮಾನ ಅಲುಗಾಡುತ್ತಿರುತ್ತದೆ, ಡಾಂಗಲ್ ಅದನ್ನು ಹಿಡಿಯಲಾಗದೆ ಚೌಕಟ್ಟುಗಳನ್ನು ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ಪೂರ್ತಿ ಬರುತ್ತದೆ. ಇದಕ್ಕೆ ಪರಿಹಾರ ಆ ಅಲುಗಾಟವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ (ಟಿಬಿಸಿ). ಕೆಲವು ಉತ್ತಮ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಸುಧಾರಿತ ರೂಪ) ಯಂತ್ರಗಳಲ್ಲಿ ಅದು ಒಳಗೇ ಇದೆ. ಇಲ್ಲದವರು ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ವಿಸಿಆರ್‌ಗೂ ಡಾಂಗಲ್‌ಗೂ ನಡುವೆ ಸೇರಿಸಿ, ರೆಕಾರ್ಡ್ ಮಾಡದೆ ಸುಮ್ಮನೆ ಹಾಯಿಸಿದರೂ ಹಲವು ಮಾದರಿಗಳಲ್ಲಿ ಚಿತ್ರ ನೆಟ್ಟಗಾಗುತ್ತದೆ. ಸ್ಟುಡಿಯೊಗೆ ಕೊಡುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಟಿಬಿಸಿ ಇದೆಯೇ?

ಚೌಕಟ್ಟು 720×576, ಸೆಕೆಂಡಿಗೆ 25, ಇಂಟರ್‌ಲೇಸ್ (ಒಂದು ಚೌಕಟ್ಟನ್ನು ಎರಡು ಅರ್ಧಚೌಕಟ್ಟುಗಳಾಗಿ ಹಿಡಿಯುವ ಕ್ರಮ) ಇದ್ದ ಹಾಗೆಯೇ ಇರಲಿ. ಡಿವಿಡಿ ಇಂಟರ್‌ಲೇಸನ್ನು ಸ್ವೀಕರಿಸುತ್ತದೆ, ಮುರಿಯಬೇಕಾದ ಅಗತ್ಯವಿಲ್ಲ. ಧ್ವನಿ 48 ಕಿಲೊಹರ್ಟ್ಸ್, 44.1 ಸಿಡಿಯ ಮಾನ, ಡಿವಿಡಿಗೆ ಹೊಂದದು. ಸನ್‌ಗನ್ ದೀಪದ ಬೆಳಕಿನಲ್ಲಿ ತೆಗೆದ ಮದುವೆಗಳಲ್ಲಿ ವರನ ಬಿಳಿ ಪಂಚೆ, ಶಲ್ಯ ಸುಟ್ಟಂತೆ ಬಿಳಿಯಾಗಿರುತ್ತವೆ. ಡಾಂಗಲ್‌ನ ಕಾಂಟ್ರಾಸ್ಟನ್ನು ಸ್ವಲ್ಪ ಇಳಿಸಿ ಪಂಚೆಯ ಮಡಿಕೆ ಕಾಣುತ್ತದೆಯೇ ನೋಡಿ ಆಮೇಲೆ ಶುರುಮಾಡಿ. ಒಮ್ಮೆ ಕತ್ತರಿಸಿಹೋದ ಬಿಳಿಯನ್ನು ಆಮೇಲೆ ತರಲಾಗದು. ಚಿತ್ರದ ಕೆಳಗೆ ಅಲುಗುವ ಕೆಲವು ಗೆರೆಗಳು ಹೆಡ್ ಬದಲಾಗುವ ಗುರುತು, ಎಲ್ಲ ಕ್ಯಾಸೆಟ್‌ನಲ್ಲೂ ಇರುತ್ತದೆ. ಕಪ್ಪು ಪಟ್ಟಿಯಿಂದ ಮುಚ್ಚಿ, ಚಿತ್ರವನ್ನು ಹಿಗ್ಗಿಸಬೇಡಿ.

ಈಗಿನ ಸ್ಮಾರ್ಟ್ ಟಿವಿಗೆ ಎಂಪಿ4 ಬೇಕಿದ್ದರೆ ಆಗ ಮಾತ್ರ ಇಂಟರ್‌ಲೇಸ್ ತೆಗೆದು, ಸೆಕೆಂಡಿಗೆ 25ರ ಬದಲು 50 ಚೌಕಟ್ಟಾಗಿ ಮಾಡಿಸಿ. ಚಲನೆ ಟೇಪ್‌ನಲ್ಲಿದ್ದಷ್ಟೇ ನಯವಾಗಿರುತ್ತದೆ.

ಮಿನಿಡಿವಿ ಕ್ಯಾಸೆಟ್ ಇದ್ದವರಿಗೆ ಇದಾವುದೂ ಬೇಡ. ಅದು ಟೇಪ್ ಆದರೂ ಒಳಗಿರುವುದು ಅಂಕಿಗಳೇ, ಸೆಕೆಂಡಿಗೆ 25 ಮೆಗಾಬಿಟ್. ಫೈರ್‌ವೈರ್ ಕೇಬಲ್‌ನಿಂದ ಇದ್ದ ಹಾಗೆ ಕಂಪ್ಯೂಟರ್‌ಗೆ ಇಳಿಸಿ, ಗಂಟೆಗೆ ಸುಮಾರು 13 ಜಿಬಿ ಆಗುವ ಆ ಕಡತವನ್ನೇ ಬಿಡಿ-ಆರ್‌ನಲ್ಲಿ ಇಡಿ. ಸ್ಟುಡಿಯೊ ಕೊಟ್ಟ ಡಿವಿಡಿ ಅದರಿಂದ ಹಿಂಡಿ ಇಳಿಸಿದ್ದು, ಮೂಲವಲ್ಲ.

ಸುಡುವುದು, ಪರೀಕ್ಷಿಸುವುದು

16 ಪಟ್ಟು ವೇಗದ ಡಿವಿಡಿ-ಆರ್ ಅನ್ನು 8 ಪಟ್ಟಿನಲ್ಲಿ ಬರೆಯಿರಿ. ಇನ್ನೂ ನಿಧಾನವಾದರೆ ಇನ್ನೂ ಒಳ್ಳೆಯದು ಎಂಬುದು ನಿಜವಲ್ಲ. ವೇಗದ ಬರವಣಿಗೆಗೆಂದು ಮಾಡಿದ ಬಣ್ಣಕ್ಕೆ ಅತಿ ನಿಧಾನವೂ ಸರಿಹೋಗದು. ಡಿಸ್ಕ್ ಒಳಗಿನಿಂದ ಹೊರಕ್ಕೆ ತುಂಬುತ್ತದೆ, ಹೊರಅಂಚಿನಲ್ಲಿ ತಪ್ಪುಗಳು ಹೆಚ್ಚು. ಆದ್ದರಿಂದ ಪೂರ್ತಿ ತುಂಬದೆ 4.2 ಜಿಬಿಗೆ ನಿಲ್ಲಿಸಿ. ಡಿವಿಡಿ ರೆಕಾರ್ಡರ್‌ನಲ್ಲಿ ನೇರ ಬರೆದವರು ಕೊನೆಗೆ ಫೈನಲೈಸ್ ಮಾಡಲು ಮರೆಯುತ್ತಾರೆ. ಆ ಡಿಸ್ಕ್ ಬರೆದ ಯಂತ್ರದಲ್ಲಷ್ಟೇ ಓಡುತ್ತದೆ, ಬೇರೆ ಪ್ಲೇಯರ್‌ಗೆ ಖಾಲಿಯಂತೆ ಕಾಣುತ್ತದೆ.

ಬರೆದಾದ ಮೇಲೆ ವೆರಿಫೈ ಆಯ್ಕೆ ಬಳಸಿ ಪೂರ್ತಿ ಓದಿಸಿ. ಒಳ್ಳೆಯ ಡ್ರೈವ್ ಇದ್ದರೆ ನೀರೊ ಡಿಸ್ಕ್‌ಸ್ಪೀಡ್ ಅಥವಾ ಕ್ಯೂಪಿಎಕ್ಸ್‌ಟೂಲ್‌ನಿಂದ ತಪ್ಪುಗಳನ್ನು ಎಣಿಸಬಹುದು. ಸತತ 8 ಬ್ಲಾಕ್‌ಗಳಲ್ಲಿ ಪಿಐ ತಪ್ಪುಗಳು (ಸಾಲಿನ ತಿದ್ದುಪಡಿ ಅಂಕಿಯಿಂದ ಪತ್ತೆಯಾಗುವ ತಪ್ಪುಗಳು) 280 ಮೀರಬಾರದೆಂಬುದು ಡಿವಿಡಿ ಮಾನದಂಡ. ಒಳ್ಳೆಯ ಹೊಸ ಡಿಸ್ಕ್‌ನಲ್ಲಿ ಅದು ಹತ್ತಿಪ್ಪತ್ತರಲ್ಲೇ ಇರುತ್ತದೆ. ಈ ಅಂಕಿಯನ್ನು ಡಬ್ಬಿಯೊಳಗೆ ಚೀಟಿಯಲ್ಲಿ ಬರೆದಿಡಿ. ಎರಡು ವರ್ಷಕ್ಕೊಮ್ಮೆ ಮತ್ತೆ ಎಣಿಸಿದಾಗ ಅಂಕಿ ಏರುತ್ತಿದ್ದರೆ ಹೊಸ ಡಿಸ್ಕ್‌ಗೆ ಇಳಿಸುವ ಸಮಯ ಬಂದಿದೆ. ಚಿತ್ರ ನೋಡಿದರೆ ಆಗಲೂ ಯಾವ ದೋಷವೂ ಕಂಡಿರುವುದಿಲ್ಲ.

ಮೇಲೆ ಕಾಗದದ ಚೀಟಿ ಅಂಟಿಸಬೇಡಿ. 16 ಪಟ್ಟು ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ 9 ಸಾವಿರ ಸುತ್ತಿಗೂ ಹೆಚ್ಚು ತಿರುಗುತ್ತದೆ, ಚೀಟಿ ಒಂದು ಬದಿಗೆ ಭಾರವಾದರೆ ಅದುರುತ್ತದೆ. ನೀರಿನ ಮಸಿಯ ಮಾರ್ಕರ್‌ನಿಂದ ನಡುವಿನ ಪಾರದರ್ಶಕ ಬಳೆಯ ಮೇಲೆ ಬರೆಯಿರಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ. ವೃತ್ತಾಕಾರವಾಗಿ ಒರೆಸಿ ಬೀಳುವ ಗೀರು ಒಂದೇ ಟ್ರ್ಯಾಕ್‌ನುದ್ದಕ್ಕೂ ಹರಿದು ತಿದ್ದುವ ಶಕ್ತಿಯನ್ನು ಮೀರಿಬಿಡುತ್ತದೆ. ಸಿಡಿ, ವಿಸಿಡಿಗಳಲ್ಲಿ ಮೇಲಿನ ಬದಿಯೇ ಸೂಕ್ಷ್ಮ, ಮಾಹಿತಿ ಪದರ ಚಿತ್ರ ಮುದ್ರಿಸಿದ ಬಣ್ಣದ ಕೆಳಗೇ ಇರುತ್ತದೆ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಪದರಗಳ ನಡುವೆ. ಬ್ಲೂ-ರೇಯಲ್ಲಿ ಕೆಳಬದಿಯಿಂದ ಬರೀ 0.1 ಮಿ.ಮೀ. ಆಳದಲ್ಲಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇವಾವುದನ್ನೂ ಬಿಡಬೇಡಿ, ರಾಯಚೂರು ಕಲಬುರಗಿಯ ಬಿಸಿಲಿಗಂತೂ ಒಂದು ಮಧ್ಯಾಹ್ನ ಸಾಕು.

ಹೊರದೇಶದ ಬಂಧುಗಳಿಗೆ

ಅಮೆರಿಕದಲ್ಲಿರುವ ಮಗಳಿಗೆ ಪಾಲ್ ಡಿವಿಡಿ ಕಳಿಸಿದರೆ ಅಲ್ಲಿನ ಹಲವು ಪ್ಲೇಯರ್‌ಗಳಲ್ಲಿ ಓಡುವುದಿಲ್ಲ, ಅಲ್ಲಿಯದು ಎನ್‌ಟಿಎಸ್‌ಸಿ ಎಂಬ ಬೇರೆ ಟಿವಿ ಪದ್ಧತಿ. ಇಲ್ಲಿನ ಪ್ಲೇಯರ್‌ಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ. ಅವರಿಗೆ ಎಂಪಿ4 ಕಡತವಿರುವ ಡೇಟಾ ಡಿಸ್ಕ್ ಕಳಿಸುವುದೇ ಮೇಲು. ಪ್ರದೇಶ ಸಂಕೇತದ ಚಿಂತೆ ಬೇಡ: ಭಾರತ 5, ಅಮೆರಿಕ 1, ಗಲ್ಫ್ 2 ಎಂಬ ವಿಂಗಡಣೆ ಕೊಂಡ ಸಿನಿಮಾ ಡಿಸ್ಕ್‌ಗಳಿಗೆ, ಮನೆಯಲ್ಲಿ ಸುಟ್ಟದ್ದಕ್ಕೆ ಸಂಕೇತವೇ ಇರುವುದಿಲ್ಲ. ಅಲ್ಲಿಂದ ಬಂದ ಎನ್‌ಟಿಎಸ್‌ಸಿ ಕ್ಯಾಸೆಟ್ಟನ್ನು ಇಲ್ಲಿನ ವಿಸಿಆರ್‌ನಲ್ಲಿ ತೆಗೆಯುವಾಗ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಟೇಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ವಿಸಿಆರ್ ಪಾಲ್-60 ಎಂಬ ಮಿಶ್ರ ಸಂಕೇತ ಕೊಡುತ್ತಿರುತ್ತದೆ. ಡಾಂಗಲ್‌ನಲ್ಲಿ ಅದೇ ಆಯ್ಕೆ ಇದ್ದರೆ ಬದಲಿಸಿ, ಇಲ್ಲದಿದ್ದರೆ ನಿಜವಾದ ಎನ್‌ಟಿಎಸ್‌ಸಿ ಯಂತ್ರ ಹುಡುಕಬೇಕು.

ಎಲ್ಲ ಮುಗಿದ ಮೇಲೂ ಕ್ಯಾಸೆಟ್ಟನ್ನು ಇಟ್ಟುಕೊಳ್ಳಿ. ಮೊದಲ ವರ್ಗಾವಣೆಯಲ್ಲಿ ಏನೋ ತಪ್ಪಿರುವುದು ಕೆಲವು ವರ್ಷಗಳ ನಂತರ ಗೊತ್ತಾಗಬಹುದು, ಇನ್ನೂ ಉತ್ತಮ ಯಂತ್ರವಿರುವವರು ಸಿಗಬಹುದು. ಪೂರ್ತಿ ರಿವೈಂಡ್ ಮಾಡಿ, ಬೆನ್ನಂಚಿನ ಹಲ್ಲು ಮುರಿದು, ಪುಸ್ತಕ ನಿಲ್ಲಿಸುವಂತೆ ನೇರ ನಿಲ್ಲಿಸಿ, ಸ್ಪೀಕರ್‌ನಿಂದ ದೂರ, ನೆಲದ ತೇವ ತಾಗದ ಅರೆಯಲ್ಲಿ ಇಡಿ. ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಪೊಟ್ಟಣ ಬದಲಿಸಿ.